ಎರಡನೆಯ ಸಲ ಕೇಳಲು ಬಂದಾಕೆ

ಹೋದ ತಿಂಗಳು ನಮ್ಮೂರ ಕನ್ನಡ ಶಾಲೆಯಲ್ಲಿ ಒಂದು ಶೋಕಸಭೆ ನಡೆಯಿತು. ಹತ್ತು ವರ್ಷಗಳ ಹಿಂದೆ ನಮ್ಮಲ್ಲಿ ನರ್ಸಾಗಿದ್ದು, ಆಮೇಲೆ ರಾಯಬಾಗದ ಕಡೆಗೆ ವರ್ಗವಾಗಿ ಹೋಗಿದ್ದ ಹೆಂಗಸು ಅಲ್ಲಿಯೇ ತೀರಿಕೊಂಡಳೆಂಬ ಸುದ್ದಿ ಬಂದಿತ್ತು. ಮೇಜಿನ ಮೇಲೆ ಇಡಲು ಆಕೆಯ ಫೋಟೋ ಯಾರ ಹತ್ತಿರವೂ ಇರಲಿಲ್ಲ. ಖಾಲಿ ಕುರ್ಚಿಗೆ ಹಾರ ಹಾಕಿದರು. ಮಾತಾಡಲು ಎದ್ದ ಅಧ್ಯಕ್ಷರು, "ಈ ತಾಯಿ ಶಾಲೆಯ ಮಕ್ಕಳಿಗೆ ಲಸಿಕೆ ಹಾಕಲು ಬಂದಾಗ ಇಡೀ ಊರು ಆಕೆಯ ಬೆನ್ನಿಗೆ ನಿಂತಿತ್ತು" ಎಂದರು. ಚಪ್ಪಾಳೆ ಬಿದ್ದವು. ಶೋಕಸಭೆಯಲ್ಲಿ ಚಪ್ಪಾಳೆ ತಟ್ಟಬಾರದೆಂಬುದು ಕೂಡ ಯಾರಿಗೂ ಹೊಳೆಯಲಿಲ್ಲ.

ಯಾರೋ ಹೇಳಿದರೆಂದು ನಂಬುವ ಜಾತಿಯವನಲ್ಲ ನಾನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮುಂದಿನದನ್ನೆಲ್ಲ ನಿಪ್ಪಾಣಿಯ ರದ್ದಿ ಅಂಗಡಿಯಿಂದ ತಂದ ಪುಸ್ತಕಗಳಲ್ಲಿ, ಅರ್ಧ ಕನ್ನಡದಲ್ಲಿ ಅರ್ಧ ಮರಾಠಿಯಲ್ಲಿ, ನಾನೇ ಓದಿಕೊಂಡವನು. ಊರ ಭಾವಿಯನ್ನು ಪಾಂಡವರು ತೋಡಿದರೆಂದು ಹಿರಿಯರು ಹೇಳಿದಾಗ ಒಳಗಿಳಿದು ಕಲ್ಲಿನ ಮೇಲಿನ ಉಳಿಯ ಗುರುತು ನೋಡಿ ಬಂದವನು. ಆದ್ದರಿಂದ ಅಧ್ಯಕ್ಷರ ಮಾತನ್ನೂ ಹಾಗೆಯೇ ಬಿಡಲಾರೆ. ಊರು ಆಕೆಯ ಬೆನ್ನಿಗೆ ನಿಂತಿರಲಿಲ್ಲ. ಆಕೆಯ ಬೆನ್ನನ್ನು ನೋಡುತ್ತ ಕುಳಿತಿತ್ತು. ಹಾಗೆ ಕುಳಿತವರಲ್ಲಿ ನಾನೊಬ್ಬ. ಎಲ್ಲರಿಗಿಂತ ಹತ್ತಿರದಲ್ಲಿ ಕುಳಿತವನು.

ಆಕೆ ಅಥಣಿ ಕಡೆಯವಳು. ಗಂಡ ಸತ್ತಿದ್ದನೆಂದು ಕೆಲವರು, ಬಿಟ್ಟಿದ್ದನೆಂದು ಕೆಲವರು, ಈಕೆಯೇ ಬಿಟ್ಟು ಬಂದಳೆಂದು ಇನ್ನು ಕೆಲವರು ಹೇಳುತ್ತಿದ್ದರು. ಮೂರೂ ನಿಜವಾಗಿರಲು ಸಾಧ್ಯವಿಲ್ಲ. ಮೂರೂ ಸುಳ್ಳಾಗಿರಲು ಸಾಧ್ಯವಿದೆ. ಕುಳ್ಳಗಿನ, ಗಟ್ಟಿ ಮೈಯ ಹೆಂಗಸು. ಕಾಲಲ್ಲಿ ಗಂಡಸರ ಚಪ್ಪಲಿ. ಕಬ್ಬಿನ ಗದ್ದೆಗಳ ನಡುವಿನ ಗಾಡಿದಾರಿಯಲ್ಲಿ ಹೆಂಗಸರ ಚಪ್ಪಲಿ ತಿಂಗಳಿಗೊಮ್ಮೆ ಹರಿಯುತ್ತವೆಂದು ಸಂತೆಯಲ್ಲಿ ಅವನ್ನೇ ಕೊಂಡಿದ್ದಳು. ನಕ್ಕವರಿಗೆ, "ನಡಿಯೂದು ಕಾಲ್ರೀ, ಚಪ್ಪಲಿ ಅಲ್ಲ" ಎನ್ನುತ್ತಿದ್ದಳು. ಧ್ವನಿ ದೊಡ್ಡದು. ಶೋಕಸಭೆಯಲ್ಲಿ ಒಬ್ಬರು ಆಕೆಯನ್ನು ಮೃದುಭಾಷಿಣಿ ಎಂದರು. ಆಕೆ ಓಣಿಯ ಈ ತುದಿಯಲ್ಲಿ ಮಾತಾಡಿದರೆ ಆ ತುದಿಯ ನಾಯಿ ಏಳುತ್ತಿತ್ತು.

ಆಗಿನ ಸೂಜಿಗಳು ಈಗಿನಂತೆ ಒಮ್ಮೆ ಚುಚ್ಚಿ ಎಸೆಯುವಂಥವಲ್ಲ. ಗಾಜಿನ ಪಿಚಕಾರಿಯನ್ನೂ ಸೂಜಿಗಳನ್ನೂ ಸ್ಟೋವಿನ ಮೇಲೆ ಕುದಿಸಿ ಮತ್ತೆ ಮತ್ತೆ ಬಳಸಬೇಕಿತ್ತು. ಬೇರೆ ನರ್ಸುಗಳು ಕುದಿಸಿ ಸುಮ್ಮನಾಗುತ್ತಿದ್ದರು. ಈಕೆ ಪ್ರತಿಯೊಂದು ಸೂಜಿಯ ಮೊನೆಯನ್ನು ಮೊದಲೇ ಅರಳೆಯಲ್ಲಿ ಎಳೆದು ನೋಡುವಳು. ಒಂದು ಎಳೆ ಸಿಕ್ಕಿ ಬಂದರೂ ಮೊನೆ ಮುರಿದಿದೆ ಎಂದು ಅರ್ಥ. ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದ ಬೆರಳಗಲದ ಸಾಣೆಕಲ್ಲಿನ ಮೇಲೆ ಅದನ್ನು ತಿಕ್ಕಿ, ಮತ್ತೆ ಅರಳೆಯಲ್ಲಿ ಎಳೆದು, ಆಮೇಲೆಯೇ ಕುದಿಯಲು ಹಾಕುವಳು. ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಹೀಗೆ ಸೂಜಿ ಮಸೆಯುತ್ತಿದ್ದಾಗ ಒಮ್ಮೆ ಕೇಳಿದೆ.

"ಬಾಯಿ, ಸರಕಾರ ಹೊಸಾ ಸೂಜಿ ಕೊಡಂಗಿಲ್ಲೇನ್ರಿ?"

"ಕೊಡತೈತ್ರಿ ಅಣ್ಣಾರ. ಆದ್ರ ಸರಕಾರದ ಸೂಜಿ ಬರೂತನಾ ಕೂಸಿನ ತೊಗಲ ಕಾಯಂಗಿಲ್ಲಲ್ಲ."

ನನ್ನ ಅಂಗಡಿ ಎಂದರೆ ಐಸ್‌ಕಾಂಡಿಯ ಕಾರಖಾನೆ. ಕಾರಖಾನೆ ಎಂಬುದು ಬೋರ್ಡಿನ ಮೇಲಿನ ಮಾತು. ಒಂದು ಯಂತ್ರ, ಉಪ್ಪುನೀರಿನ ಒಂದು ದೊಡ್ಡ ತೊಟ್ಟಿ, ಅದರಲ್ಲಿ ಇಳಿಬಿಟ್ಟ ತಗಡಿನ ಅಚ್ಚುಗಳು. ಉಪ್ಪುನೀರು ತಾನು ಹೆಪ್ಪುಗಟ್ಟದೆ ಅಚ್ಚಿನೊಳಗಿನ ಸಿಹಿನೀರನ್ನು ಕಲ್ಲಾಗಿಸುತ್ತದೆ. ಇದರ ಕಾರಣವನ್ನು ಪುಸ್ತಕದಲ್ಲಿ ಓದಿ ತಿಳಿದವನು ಬೇಡಕಿಹಾಳದ ಸುತ್ತಿನಲ್ಲಿ ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ಊರಿನಲ್ಲಿ ಬರ್ಫ ಸಿಗುತ್ತಿದ್ದುದು ನನ್ನಲ್ಲಿ ಮಾತ್ರ. ಲಸಿಕೆಗೆ ತಂಪು ಬೇಕು. ಆಕೆಗೆ ನಾನು ಬೇಕಾದದ್ದು ಹಾಗೆ.

ಆಕೆ ನಮ್ಮೂರಿಗೆ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಅದಕ್ಕೆ ಹತ್ತು ಹನ್ನೆರಡು ವರ್ಷ ಮುಂಚೆ ಊರೂರಿಗೆ ಜೀಪುಗಳು ಬಂದು ಗಂಡಸರನ್ನು ಮಕ್ಕಳಾಗದ ಆಪರೇಶನ್ನಿಗೆ ಹಿಡಿದುಕೊಂಡು ಹೋಗಿದ್ದ ಕಾಲವನ್ನು ಜನ ಮರೆತಿರಲಿಲ್ಲ. ಜೀಪಿನ ಸಪ್ಪಳ ಕೇಳಿ ಎರಡು ದಿನ ಕಬ್ಬಿನೊಳಗೆ ಅಡಗಿ ಕುಳಿತವರು ಇನ್ನೂ ಬದುಕಿದ್ದರು. ಆಮೇಲೆ ಸರಕಾರದ ಯಾವ ಸೂಜಿ ಬಂದರೂ ಊರಿಗೆ ಒಂದೇ ಗುಮಾನಿ: ಇದು ವಂಶ ಕಡಿಯುವ ಸೂಜಿ.

ಶಾಲೆಯ ಒಂದನೆಯ, ಎರಡನೆಯ ಇಯತ್ತೆಯ ಮಕ್ಕಳಿಗೆ ಗಂಟಲಮಾರಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಬೇಕೆಂದು ಆಕೆಗೆ ಆದೇಶ ಬಂತು. ಗಂಟಲಮಾರಿಯನ್ನು ನಮ್ಮ ಗಡಿಯ ಜನ ಮರಾಠಿಯವರಂತೆ ಘಟಸರ್ಪ ಎನ್ನುತ್ತಾರೆ. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ, ಕೊರಳು ಊದಿ, ಉಸಿರು ನಿಲ್ಲುವ ರೋಗ. ಹೆಡ್‌ಮಾಸ್ತರರು ಇದನ್ನು ಒಂದು ಮುಂಜಾನೆಯ ಕೆಲಸ ಎಂದುಕೊಂಡಿದ್ದರು.

"ಪ್ರಾರ್ಥನಾ ಮುಗದ ಕೂಡ್ಲೆ ಗೇಟ್ ಹಾಕಿಸ್ತೀನ್ರಿ ಬಾಯಿ. ಒಬ್ಬೊಬ್ಬಂದ ತೋಳ ಹಿಡದು ಸೂಜಿ ಮಾಡಿ ಬಿಡ್ರಿ. ಮನಿಗಿ ಹೋಗಿ ಹೇಳೂದ್ರೊಳಗ ಎಲ್ಲಾ ಮುಗದಿರತೈತಿ."

"ದನಕ್ಕ ಸೂಜಿ ಮಾಡಬೇಕಾದ್ರೂ ರೈತನ್ನ ಕೇಳ್ತಾರ್ರಿ ಸರ."

"ಕೇಳಿದ್ರ ಯಾರ ಹೂಂ ಅಂತಾರ್ರಿ?"

"ಒಲ್ಲೆ ಅಂದ್ರ ಇನ್ನೊಮ್ಮಿ ಕೇಳೂದು."

ಇದೇ ಆಕೆಯ ಧರ್ಮವಾಗಿತ್ತು. "ಕೇಳದ ಮಾಡಿದ ಸೂಜಿ ಕಳವು ಮಾಡಿದಂಗ" ಎಂದು ಆಕೆ ಹೇಳುತ್ತಿದ್ದಳು. ಸರಕಾರದ ಯಾವ ಕಾಗದದಲ್ಲಿಯೂ ಆಗ ಇಂಥ ಮಾತು ಇರಲಿಲ್ಲ. ಪಾಲಕರ ಸಹಿ, ಒಪ್ಪಿಗೆ ಎಂಬುದೆಲ್ಲ ನಮ್ಮ ಕಡೆ ಯಾರೂ ಕೇಳಿದ್ದಿಲ್ಲ. ಆಕೆ ಇದನ್ನು ಎಲ್ಲಿ ಕಲಿತಳೋ ತಿಳಿಯದು. ನನ್ನ ಊಹೆ, ಆ ಜೀಪಿನ ಕಾಲದಲ್ಲಿ ಆಕೆಯೂ ಎಲ್ಲಿಯೋ ಸೂಜಿ ಹಿಡಿದು ನಿಂತಿದ್ದಿರಬೇಕು. ಇದು ಊಹೆ ಮಾತ್ರ.

ಒಂದು ತಿಂಗಳು ಆಕೆ ಮನೆ ಮನೆ ತಿರುಗಿದಳು. ಹೊಸ್ತಿಲ ಹೊರಗೆ ಕುಳಿತುಕೊಳ್ಳುವಳು. ಒಳಗೆ ಕರೆಯದೆ ಒಳಗೆ ಹೋಗುವವಳಲ್ಲ. ಮನೆಯವರು ಯಾವ ಕೆಲಸದಲ್ಲಿದ್ದರೋ ಅದಕ್ಕೇ ಕೈ ಹಚ್ಚುವಳು. ಶೇಂಗಾ ಸುಲಿಯುತ್ತಿದ್ದರೆ ಶೇಂಗಾ ಸುಲಿಯುತ್ತ, ಕವದಿ ಹೊಲಿಯುತ್ತಿದ್ದರೆ ಇನ್ನೊಂದು ತುದಿ ಹಿಡಿದು. ಬಳೆಗಾರರ ಮನೆಯ ಮುದುಕಿ ಆಕೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದಳು:

"ನಮ್ಮ ಮೊಮ್ಮಗಗ ಸೂಜಿ ಮಾಡಾಕ ಬಂದೀಯಲ್ಲಾ, ನಿನಗೆಷ್ಟ ಮಕ್ಕಳ ಬೇ?"

"ಈ ಊರಾಗ ಎಪ್ಪತ್ತೆರಡ ಅದಾವ್ರಿ ಅಜ್ಜಿ. ನಿಮ್ಮ ಮೊಮ್ಮಗನ್ನ ಹಿಡದು."

ಮುದುಕಿ ನಕ್ಕಳು. ನಕ್ಕ ಮೇಲೆ ಒಲ್ಲೆ ಎನ್ನುವುದು ಕಷ್ಟ.

ಎಲ್ಲರಿಗಿಂತ ಮೊದಲು ಒಪ್ಪಿದವಳು ಕಲ್ಲವ್ವ. ನನ್ನ ಅಂಗಡಿಯ ಎದುರಿನ ಮನೆ. ಗಂಡ ಫ್ಯಾಕ್ಟರಿಗೆ ಕಬ್ಬು ಹೇರುವ ಟ್ರಕ್ಕಿನ ಮೇಲೆ ಇರುತ್ತಿದ್ದ. ಈಕೆ ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವಳು. ಒಬ್ಬಳೇ ಮಗಳು ಸುನಂದಾ, ಒಂದನೆಯ ಇಯತ್ತೆ. ನರ್ಸು ಬಂದು ಹೊಸ್ತಿಲ ಕೆಳಗೆ ಕುಳಿತು, ಕತ್ತರಿ ತೆಗೆದುಕೊಂಡು ಬೀಡಿಯ ಎಲೆ ಕತ್ತರಿಸುತ್ತ ಮಾತು ಶುರುಮಾಡಿದ್ದು ನನಗೆ ಇಂದಿಗೂ ಕಾಣುತ್ತದೆ.

"ಬಾಯಿ, ಎಲಿ ಹಂಗ ಕತ್ತರಸಬ್ಯಾಡ್ರಿ. ಶೇಠ ನನ್ನ ಬೀಡಿ ವಾಪಸ ಒಗೀತಾನ."

"ಮತ್ತ ಕಲಸು. ನಾ ನಿನಗ ಸೂಜಿ ಯಾಕ ಅಂತ ಕಲಸ್ತೀನಿ, ನೀ ನನಗ ಎಲಿ ಕಲಸು."

ಮೂರು ಸಂಜೆ ಎಲೆ ಕತ್ತರಿಸಿದಳು. ಮೂರನೆಯ ಸಂಜೆ ಕಲ್ಲವ್ವ, "ಆತ್ರಿ, ನನ್ನ ಮಗಳಿಗಿ ಮಾಡ್ರಿ. ಕೇಳಿದಾಕಿ ನೀವೊಬ್ಬಾಕಿನ" ಎಂದಳು. ಕಲ್ಲವ್ವ ಒಪ್ಪಿದ ಮೇಲೆ ಬೀಡಿ ಕಟ್ಟುವ ಉಳಿದ ಹೆಂಗಸರೂ ಒಪ್ಪಿದರು. ಕಡೆಗೆ ಒಲ್ಲೆ ಎಂದು ಉಳಿದವು ಐದಾರು ಮನೆ ಮಾತ್ರ. ಇದು ಸಣ್ಣ ಗೆಲುವಲ್ಲ. ಗೇಟು ಹಾಕಿ ಒಂದು ಮುಂಜಾನೆಯಲ್ಲಿ ಮಾಡಬಹುದಾದದ್ದನ್ನು ಒಂದು ತಿಂಗಳು ಕೇಳಿ ಪಡೆದಿದ್ದಳು.

ಇನ್ನು ನಾನು ಹೇಳಬೇಕಾದದ್ದಕ್ಕೆ ಬರುತ್ತೇನೆ.

ದೊಡ್ಡ ದವಾಖಾನೆ ಇದ್ದದ್ದು ಎರಡು ಹರದಾರಿ ಆಚೆಯ ಊರಿನಲ್ಲಿ. ಮುಂಜಾನೆಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಹಿಂದಿನ ದಿನ ಇಳಿಹೊತ್ತಿಗೇ ಲಸಿಕೆಯ ನೀಲಿ ಪೆಟ್ಟಿಗೆಯನ್ನು ತಂದು ನನ್ನ ಅಂಗಡಿಯಲ್ಲಿಟ್ಟಳು. "ಅಣ್ಣಾರ, ಪೆಟ್ಟಿಗಿ ತೆಗೀಬ್ಯಾಡ್ರಿ. ಮುಂಜಾನಿ ನಾನ ಬಂದು ಬರ್ಫ ಬದಲ ಮಾಡ್ತೀನಿ" ಎಂದು ಹೇಳಿ ಹೋದಳು.

ತೆಗೆಯಬೇಡವೆಂದದ್ದನ್ನು ತೆಗೆದು ನೋಡುವುದೇ ನನ್ನ ವಿದ್ಯೆಯ ಮೂಲ. ಆಕೆ ಓಣಿ ದಾಟುವ ಮೊದಲೇ ಮುಚ್ಚಳ ತೆಗೆದೆ. ಒಳಗಿನ ಬರ್ಫ ಅರ್ಧ ಕರಗಿ ನೀರಾಗಿತ್ತು. ಅದರ ಹಿಂದಿನ ವರ್ಷ ಇದೇ ಆಕೆ ಪೋಲಿಯೋದ ಹನಿ ತಂದಾಗ, "ಎಷ್ಟ ತಣ್ಣಗ ಇರತೈತಿ ಅಷ್ಟ ಚಲೋ ಅಣ್ಣಾರ, ಕಲ್ಲಾದ್ರೂ ನಡೀತೈತಿ" ಎಂದದ್ದು ನೆನಪಿತ್ತು. ಒಂದು ಲಸಿಕೆಗೆ ನಿಜವಾದದ್ದು ಎಲ್ಲ ಲಸಿಕೆಗೂ ನಿಜವಾಗಿರಲೇಬೇಕೆಂದು ತರ್ಕ ಮಾಡಿದೆ. ಸೀಸೆಗಳನ್ನು ಐಸ್‌ಕಾಂಡಿಯ ಖಾಲಿ ಅಚ್ಚುಗಳಲ್ಲಿ ಇಟ್ಟು ಉಪ್ಪುನೀರಿನ ತೊಟ್ಟಿಗೆ ಇಳಿಸಿದೆ. ಬೆಳಗಾಗುವ ಹೊತ್ತಿಗೆ ಸೀಸೆಯೊಳಗಿನದು ಬೆಳ್ಳಗೆ ಕಲ್ಲಾಗಿತ್ತು. ತೆಗೆದು, ಕರಗಲು ಬಿಟ್ಟು, ಹೊಸ ಬರ್ಫ ತುಂಬಿ, ಪೆಟ್ಟಿಗೆಯನ್ನು ನಾನೇ ಹೊತ್ತು ಶಾಲೆಗೆ ಕೊಟ್ಟು ಬಂದೆ. ಆಕೆ ಬಂದು ಬದಲಿಸುವ ಕೆಲಸವನ್ನು ಉಳಿಸಿದೆನೆಂಬ ಸಂತೋಷವಿತ್ತು. ಕೊಟ್ಟು ಬಂದೆ ಎಂದೆನೆ? ಇಲ್ಲ, ಅಲ್ಲಿಯೇ ನಿಂತೆ. ಯಾರಾದರೂ ಹೊಗಳಿಯಾರೆಂದು.

ಶಾಲೆಯ ಪಡಸಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ತಾಯಂದಿರೂ ಬಂದಿದ್ದರು, ತಾಯಿ ಜೊತೆಗಿದ್ದರೆ ಮಗು ಅಳುವುದು ಕಡಿಮೆ ಎಂದು ಆಕೆಯೇ ಬರಹೇಳಿದ್ದಳು. ಸಾಲಿನಲ್ಲಿ ಮೊದಲಿಗೆ ಸುನಂದಾ. ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಮದುವೆಗೆ ಕಳಿಸುವ ಹಾಗೆ ಕಲ್ಲವ್ವ ತಯಾರು ಮಾಡಿದ್ದಳು. ಸ್ಟೋವಿನ ಮೇಲೆ ಸೂಜಿಗಳು ಕುದಿಯುತ್ತಿದ್ದವು. ನರ್ಸು ಒಂದು ಸೀಸೆ ತೆಗೆದು, ಅಲುಗಾಡಿಸಿ, ಬೆಳಕಿಗೆ ಹಿಡಿದಳು. ಮೇಜಿನ ಮೇಲಿಟ್ಟಳು. ಮತ್ತೊಂದನ್ನು ತೆಗೆದಳು. ಎಲ್ಲವನ್ನೂ ಹಾಗೆಯೇ ಅಲುಗಾಡಿಸಿ ಸಾಲಾಗಿ ಇಟ್ಟು, ಕೈಗಡಿಯಾರ ನೋಡುತ್ತ ಕುಳಿತಳು.

ಒಳ್ಳೆಯ ಲಸಿಕೆ ಅಲುಗಾಡಿಸಿದರೆ ತಿಳಿಮಜ್ಜಿಗೆಯ ಹಾಗೆ ಬಹಳ ಹೊತ್ತು ಒಂದೇ ಸಮ ಕಾಣುತ್ತದೆಯಂತೆ. ಒಮ್ಮೆ ಹೆಪ್ಪುಗಟ್ಟಿ ಕರಗಿದ್ದರೆ ಒಡೆದ ಹಾಲಿನಂತೆ ಚೂರುಗಳಾಗಿ ಬೇಗ ತಳಕ್ಕೆ ಇಳಿದು ಮೇಲೆ ಬರಿಯ ನೀರು ನಿಲ್ಲುತ್ತದೆ. ಇದನ್ನು ನಾನು ಆಮೇಲೆ ತಿಳಿದೆ. ಆಗ ಕಂಡದ್ದು ಇಷ್ಟೇ: ಸೀಸೆಗಳ ತಳದಲ್ಲಿ ಬಿಳಿಯ ಚೂರು, ಮೇಲೆ ನೀರು.

ಹೆಡ್‌ಮಾಸ್ತರರು ಬಗ್ಗಿ ಮೆಲ್ಲಗೆ ಹೇಳಿದರು. "ಬಾಯಿ, ಯಾರಿಗಿ ಏನ ಗೊತ್ತಾಗತೈತ್ರಿ? ಎಲ್ಲಾರೂ ಬಂದಾರ. ಮಾಡಿ ಬಿಡ್ರಿ."

ಆಕೆ ಒಂದು ಸೀಸೆಯನ್ನು ಕೈಗೆತ್ತಿಕೊಂಡಳು. ಚೀಟಿಯ ಅಂಚಿನಲ್ಲಿ ಬೆಳ್ಳಗೆ ಏನೋ ಹತ್ತಿತ್ತು. ಹೆಬ್ಬೆರಳಿನಿಂದ ಒರೆಸಿ, ಬೆರಳನ್ನು ನಾಲಗೆಯ ತುದಿಗೆ ಮುಟ್ಟಿಸಿದಳು. ಉಪ್ಪು. ತಲೆ ಎತ್ತಿ ಕಂಬದ ಹತ್ತಿರ ನಿಂತಿದ್ದ ನನ್ನ ಕಡೆಗೆ, ನನ್ನ ಮುಖವನ್ನಲ್ಲ, ಉಪ್ಪುನೀರಿನಿಂದ ಬಿರುಕುಬಿಟ್ಟ ನನ್ನ ಕೈಗಳನ್ನು ನೋಡಿದಳು. ಆಮೇಲೆ ಸ್ಟೋ ಆರಿಸಿದಳು.

"ಇವತ್ತ ಬ್ಯಾಡ್ರೆವ್ವಾ. ಔಷಧ ಕೆಟ್ಟೈತಿ. ಮಕ್ಕಳನ್ನ ಕರ್ಕೊಂಡು ಹೋಗ್ರಿ. ಹೊಸಾದು ತಂದು, ನಾನ ಮತ್ತ ಮನಿಗಿ ಬಂದು ಕೇಳ್ತೀನಿ."

ಪಡಸಾಲೆಯಲ್ಲಿ ಗದ್ದಲವೆದ್ದಿತು. "ಕೆಟ್ಟದ್ದ ತಂದಿದ್ಲಂತ!" "ನೋಡದ ಇದ್ದಿದ್ರ ಚುಚ್ಚೇ ಬಿಡ್ತಿದ್ಲು!" ನೋಡಿದ್ದೇ ಆಕೆ, ಹೇಳಿದ್ದೇ ಆಕೆ ಎಂಬುದು ಒಬ್ಬರ ತಲೆಗೂ ಹೋಗಲಿಲ್ಲ. ನನ್ನ ತಲೆಗೆ ಹೋಗಿತ್ತು. ನಾನು ಬಾಯಿ ತೆರೆಯಲಿಲ್ಲ.

ಮಧ್ಯಾಹ್ನ ಅಂಗಡಿಗೆ ಬಂದಳು. ಕಟ್ಟೆಯ ಮೇಲೆ ಕುಳಿತುಕೊಳ್ಳಲಿಲ್ಲ.

"ಉಪ್ಪಿನ ನೀರಾಗ ಇಟ್ಟಿದ್ರೇನ್ರಿ ಅಣ್ಣಾರ?"

"ಹೌದ್ರಿ. ಬರ್ಫ ಕರಗಿತ್ತು. ಪೋಲಿಯೋಕ್ಕ ನೀವ ಹೇಳಿದ್ರೆಲ್ಲಾ, ಕಲ್ಲಾದ್ರೂ ನಡೀತೈತಿ ಅಂತ."

"ಅದು ಪೋಲಿಯೋ. ಇದು ಕಲ್ಲಾದ್ರ ಕೆಡತೈತಿ."

"ಹಂಗಂತ ನೀವ ಹೇಳಲಿಲ್ಲ."

"ತೆಗೀಬ್ಯಾಡ್ರಿ ಅಂದಿದ್ದೆ."

"ಯಾಕ ಅಂತ ಹೇಳಲಿಲ್ಲ."

"ಯಾಕ ಅಂತ ನೀವ ಕೇಳಲಿಲ್ಲ."

ನನ್ನ ಜೀವಮಾನದಲ್ಲಿ ವಾದದಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆಕೆ ಸೋಲಿಸಿದ್ದು ಸಿಟ್ಟಿನಿಂದಲ್ಲ, ದಣಿದ ಧ್ವನಿಯಲ್ಲಿ. ಹೊರಡಲು ತಿರುಗಿದವಳು ಹೇಳಿದಳು:

"ನಾ ಯಾರ ಮುಂದೂ ನಿಮ್ಮ ಹೆಸರ ಎತ್ತಂಗಿಲ್ರಿ. ಎತ್ತಿದ್ರ ನಾಳಿ ಇನ್ನೊಬ್ಬಾಕಿ ನರ್ಸಿಗೆ ಈ ಸೀಮ್ಯಾಗ ಬರ್ಫ ಕೊಡೂವ್ರು ಯಾರೂ ಇರಂಗಿಲ್ಲ. ನೀವ ಹೇಳಿದ್ರ ಬ್ಯಾರೆ ಮಾತು. ಹೇಳೂದು ಬಿಡೂದು ನಿಮಗ ಬಿಟ್ಟದ್ದು."

ಆಕೆ ನನ್ನನ್ನು ಕಾಪಾಡಿದಳೆಂದು ಯಾರಾದರೂ ಓದುಗರು ಕರಗಿದರೆ ಅವರಿಗೆ ಹೇಳುತ್ತೇನೆ, ಕಾಪಾಡಿದ್ದು ನನ್ನನ್ನಲ್ಲ, ಬರ್ಫವನ್ನು. ನನಗೆ ಕೊಟ್ಟದ್ದು ಬೇರೆ. ಊರಿನ ತಾಯಂದಿರಿಗೆ ಕೊಟ್ಟದ್ದನ್ನೇ ನನಗೂ ಕೊಟ್ಟಿದ್ದಳು: ಕೈ ಹಿಡಿದು ಚುಚ್ಚಲಿಲ್ಲ, ಕೇಳಿ ಬಿಟ್ಟಳು.

ಮೇಲಿನ ಸಾಹೇಬರು ಜೀಪಿನಲ್ಲಿ ಬಂದು ವಿಚಾರಣೆ ಮಾಡಿದರು. ತಂಪಾಗಿ ಇಡುವಲ್ಲಿ ತನ್ನಿಂದಲೇ ತಪ್ಪಾಯಿತೆಂದು ಆಕೆ ಬರೆದುಕೊಟ್ಟಳೆಂದು ಹೆಡ್‌ಮಾಸ್ತರರು ಹೇಳಿದರು. "ಕೆಟ್ಟದ್ದನ್ನ ಚುಚ್ಚಿದ್ರ ಕೂಸೇನ ಸಾಯ್ತಿರಲಿಲ್ಲಲ್ಲ, ಊರ ಮುಂದ ಯಾಕ ಸಾರಬೇಕಾಗಿತ್ತು?" ಎಂದು ಸಾಹೇಬರು ಒದರಿದ್ದನ್ನು ನಾನೇ ಕಿಟಕಿಯ ಹೊರಗಿನಿಂದ ಕೇಳಿದೆ. ಆಕೆಯ ಉತ್ತರವೂ ಕೇಳಿಸಿತು. "ಸಾಯ್ತಿರಲಿಲ್ರಿ ಸಾಹೇಬ್ರ. ರೋಗ ಬಂದ್ರೂ ಕೂಸು ಉಳೀತೈತಿ ಅಂತ ತಾಯಿ ನಂಬಿ ಕುಂದ್ರತಿದ್ಲು."

ಹದಿನೈದು ದಿನದ ಮೇಲೆ ಹೊಸ ಲಸಿಕೆ ಬಂತು. ಈ ಸಲ ಪೆಟ್ಟಿಗೆ ನನ್ನ ಅಂಗಡಿಗೆ ಬರಲಿಲ್ಲ. ಬಸ್ಸಿಗೂ ಕಾಯದೆ, ನಸುಕಿನಲ್ಲಿ ಹೊರಟು ಎರಡು ಹರದಾರಿ ನಡೆದು, ತಲೆಯ ಮೇಲೆ ಹೊತ್ತು ತಂದಳಂತೆ. ಅದಕ್ಕೆ ಮುಂಚಿನ ಮೂರು ದಿನ ಮತ್ತೆ ಮನೆ ಮನೆಗೆ ಹೋಗಿ ಕೇಳಿದ್ದಳು. ಬಳೆಗಾರರ ಮುದುಕಿ ಈ ಸಲ ನಗಲಿಲ್ಲ. ಒಂದೊಂದಾಗಿ ಬಾಗಿಲುಗಳು ಮುಚ್ಚಿಕೊಂಡವು.

ಕಲ್ಲವ್ವನ ಮನೆಗೆ ಬಂದದ್ದು ಮಧ್ಯಾಹ್ನ. ನಾನು ಅಂಗಡಿಯಲ್ಲಿ ಅಚ್ಚು ತೊಳೆಯುತ್ತ ಕುಳಿತಿದ್ದೆ. ಓಣಿ ಹತ್ತು ಮಾರು ಅಗಲವಿಲ್ಲ. ಒಂದು ಮಾತೂ ತಪ್ಪದೆ ಕೇಳಿಸುತ್ತಿತ್ತು. ನರ್ಸು ಹೊಸ್ತಿಲ ಕೆಳಗೆ ಕುಳಿತು ಕತ್ತರಿಗೆ ಕೈ ಚಾಚಿದಳು. ಕಲ್ಲವ್ವ ಕತ್ತರಿಯನ್ನು ಮೊರದ ಕೆಳಗೆ ಸರಿಸಿದಳು.

"ಒಮ್ಮಿ ಕೆಟ್ಟದ್ದ ತಂದಾಕಿ ಈ ಸಲಾ ಚಲೋದ ತಂದೀ ಅಂತ ಹೆಂಗ ನಂಬಲಿ?"

"ಕೆಟ್ಟೈತಿ ಅಂತ ನಾನ ಹೇಳಿದ್ನೆಲ್ಲಾ ತಂಗಿ. ಸುಮ್ಮ ಮಾಡಿದ್ರ ನಿನಗ ತಿಳೀತಿತ್ತೇನು?"

"ಯಾಕ ಕೆಟ್ಟತು? ಅದನ ಹೇಳು. ಒಂದ ಮಾತು. ಯಾಕ ಕೆಟ್ಟತು?"

ನರ್ಸು ಸುಮ್ಮನಾದಳು. ಆಕೆಯ ಬೆನ್ನು ನನ್ನ ಕಡೆಗಿತ್ತು. ಬಿಳಿಯ ಸೀರೆಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಆಕೆ ತಿರುಗಿ ನೋಡಲಿಲ್ಲ. ತಿರುಗಿ ನೋಡಿದ್ದರೆ ಎದ್ದು ಹೋಗಿ, "ಕೆಡಿಸಿದಾಂವ ನಾನು, ಈಗಿಂದು ಚಲೋ ಐತಿ" ಎಂದು ಹೇಳುತ್ತಿದ್ದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಊರಿನ ಎಲ್ಲ ಕಥೆಗಳನ್ನೂ ಒರೆಗೆ ಹಚ್ಚಿದವನು ನನ್ನ ಈ ಕಥೆಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದೆ. ಈಗ ಅದನ್ನೂ ನಂಬುವುದಿಲ್ಲ. ನನಗೆ ಹೆಸರು ಕೆಡುವ ಹೆದರಿಕೆ ಇತ್ತು. ಎಲ್ಲ ಬಲ್ಲವನೆಂಬ ಹೆಸರು. ಬೇರೆ ಆಸ್ತಿ ನನಗಿರಲಿಲ್ಲ.

"ಇಲ್ಲಂದ್ರ ಬ್ಯಾಡ ತಂಗಿ. ಇನ್ನೊಮ್ಮಿ ಬರ್ತೀನಿ," ಎಂದು ನರ್ಸು ಎದ್ದಳು. ಕಲ್ಲವ್ವ ಬಾಗಿಲು ಮುಂದೆ ಮಾಡಿದಳು.

ಮರುದಿನ ಶಾಲೆಯಲ್ಲಿ ಸೂಜಿ ಮಾಡಿಸಿಕೊಂಡ ಮಕ್ಕಳು ಏಳು. ಆ ಏಳರಲ್ಲಿ ಒಬ್ಬ ನನ್ನ ಮೊಮ್ಮಗ. ಮಗಳ ಮಗ, ನಮ್ಮಲ್ಲಿಯೇ ಇದ್ದು ಶಾಲೆಗೆ ಹೋಗುತ್ತಿದ್ದ. ಅವನನ್ನು ಕೈಹಿಡಿದು ಕರೆದುಕೊಂಡು ಹೋದವನು ನಾನೇ. ಈ ಸಲದ ಲಸಿಕೆಯಲ್ಲಿ ದೋಷವಿರಲಿಲ್ಲವೆಂದು, ಹಿಂದಿನ ಸಲ ದೋಷ ಎಲ್ಲಿತ್ತೆಂದು, ಊರಿನಲ್ಲಿ ಖಚಿತವಾಗಿ ಬಲ್ಲ ಅಜ್ಜ ನಾನೊಬ್ಬನೇ. ಆಕೆ ಅವನ ತೋಳು ಒರೆಸುತ್ತ, ವಾಡಿಕೆಯಂತೆ, "ಮಾಡ್ಲ್ಯಾ?" ಎಂದು ನನ್ನನ್ನು ಕೇಳಿದಳು. "ಮಾಡ್ರಿ" ಎಂದೆ.

ಆ ವರ್ಷದ ಕಬ್ಬಿನ ಹಂಗಾಮು ಶುರುವಾದ ಹೊತ್ತಿಗೆ ಊರಿಗೆ ಘಟಸರ್ಪ ಬಂತು. ನಾಲ್ಕು ಮಕ್ಕಳು ಮಲಗಿದರು. ಮೂವರು ಹೇಗೋ ಎದ್ದರು. ಸುನಂದಾ ಏಳಲಿಲ್ಲ. ಗಂಟಲು ನೋವೆಂದಾಗ ಅರಿಸಿನದ ಹಾಲು ಕೊಟ್ಟರು. ಕೊರಳು ಊದಿದಾಗ ನರ್ಸನ್ನು ಕರೆಯಲಿಲ್ಲ. ಆಕೆ ತಾನಾಗಿ ಓಡಿ ಬಂದಳು. ಚಮಚದ ಹಿಡಿಯಿಂದ ನಾಲಗೆ ಒತ್ತಿ, ಬ್ಯಾಟರಿ ಹಾಕಿ ನೋಡಿ, "ಈಗಿಂದೀಗ ಮಿರಜದ ದವಾಖಾನಿಗಿ ಒಯ್ರಿ" ಎಂದು ತಾನೇ ಓಣಿಗೆ ಓಡಿ ಕಬ್ಬಿನ ಟ್ರಕ್ಕು ತಡೆದು ನಿಲ್ಲಿಸಿದಳು. ಹುಡುಗಿ ದಾರಿಯಲ್ಲಿಯೇ ಹೋಯಿತು.

ತಿರುಗಿ ಬಂದ ಟ್ರಕ್ಕಿನಿಂದ ಇಳಿದ ಕಲ್ಲವ್ವ ಊರ ಮುಂದೆ ನರ್ಸಿನ ಎದೆಗೆ ಕೈ ಹಾಕಿ ತಳ್ಳಿದಳು. "ಅವತ್ತ ಸಾಲಿನ್ಯಾಗ ಮೊದಲ ನಿಂತಿದ್ಲು ನನ್ನ ಮಗಳು! ಅವತ್ತ ಸೂಜಿ ಮಾಡಿದ್ರ ಉಳೀತಿದ್ಲು! ಯಾಕ ಮಾಡಲಿಲ್ಲಾ ನೀ, ಯಾಕ ಮಾಡಲಿಲ್ಲಾ!"

ಊರು ಅದನ್ನೇ ಹಿಡಿಯಿತು. ಕೈಗೆ ಬಂದ ಲಸಿಕೆಯನ್ನು ಸೊಕ್ಕಿನಿಂದ ಚೆಲ್ಲಿ ಒಂದು ಮಗುವನ್ನು ಕೊಂದವಳು ಎಂಬ ಕಥೆ ಬೇಡಕಿಹಾಳ ದಾಟಿ, ಚಿಕ್ಕೋಡಿಯ ಸಂತೆಯವರೆಗೂ ಹೋಯಿತು. ಅಂದು ಚುಚ್ಚಿದ್ದರೂ ಆ ಸತ್ತ ಔಷಧ ಹುಡುಗಿಯನ್ನು ಉಳಿಸುತ್ತಿರಲಿಲ್ಲ. ಉಳಿಸುವಂಥದು ಇದ್ದದ್ದು ಹದಿನೈದು ದಿನದ ಮೇಲೆ ಹೊತ್ತು ತಂದ ಪೆಟ್ಟಿಗೆಯಲ್ಲಿ. ಇಷ್ಟು ಸರಳವಾದ ಮಾತನ್ನು ಹೇಳುವವರು ಇರಲಿಲ್ಲ. ಇದ್ದವನು ಐಸ್‌ಕಾಂಡಿ ಮಾರುತ್ತಿದ್ದ.

ವರ್ಗದ ಆದೇಶ ಬೇಗನೆ ಬಂತು. ಹೋಗುವ ದಿನ ಒಂದು ಟ್ರಂಕು, ಒಂದು ಸ್ಟೋ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಳು. ಕಳಿಸಲು ಒಬ್ಬರೂ ಬಂದಿರಲಿಲ್ಲ. ನಾನು ಹೋಗಲೋ ಬೇಡವೋ ಎಂದು ಅಂಗಡಿಯಲ್ಲಿ ನಿಂತಿದ್ದಾಗ ಆಕೆಯೇ ಬಂದು ಕುಡಿಯಲು ನೀರು ಕೇಳಿದಳು. ಕೊಟ್ಟೆ. ಕುಡಿದು, ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಕೇಳಿದಳು:

"ಮೊಮ್ಮಗಾ ಹೆಂಗದಾನ್ರಿ ಅಣ್ಣಾರ?"

"ಚಲೋ ಅದಾನ್ರಿ."

"ಆತ್ರಿ. ಅಷ್ಟಾದ್ರೂ ಆತು."

ಆ ಮಾತಿನಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಎಂದು ಹತ್ತು ವರ್ಷ ತೂಗಿ ನೋಡಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಇಂಥವಳಿಗೆ ಈಗ ಖಾಲಿ ಕುರ್ಚಿಯ ಮೇಲೆ ಹಾರ. ಕೊಂದವಳೆಂಬ ಕಥೆ ಯಾವಾಗ ತಾಯಿ ಎಂಬ ಕಥೆಯಾಯಿತೋ, ಯಾರೂ ಗಮನಿಸಲಿಲ್ಲ. ಸತ್ತವರ ಬಗ್ಗೆ ಊರು ತನಗೆ ಅನುಕೂಲವಾದದ್ದನ್ನು ಹೇಳಿಕೊಳ್ಳುತ್ತದೆ. ಅಧ್ಯಕ್ಷರ ಭಾಷಣ ಮುಗಿಯುವ ಮೊದಲೇ ನಾನು ಎದ್ದು ಹೊರಗೆ ಬಂದೆ. ಶಾಲೆಯ ಮೆಟ್ಟಿಲ ಮೇಲೆ ಕಲ್ಲವ್ವ ಕುಳಿತಿದ್ದಳು. ಈಗ ಅಂಗನವಾಡಿಯಲ್ಲಿ ಆಯಾ. ಕೂಸುಗಳನ್ನು ಸಭೆಗೆ ಕರೆತಂದು, ತಾನು ಒಳಗೆ ಹೋಗದೆ ಹೊರಗೇ ಉಳಿದಿದ್ದಳು.

"ಯಾಕ ಎದ್ದ ಬಂದ್ರಿ ಕಾಕಾ?"

ನಾನು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕುಳಿತೆ. ಹೇಳಿದೆ. ಉಪ್ಪುನೀರಿನ ತೊಟ್ಟಿಯಿಂದ ಹಿಡಿದು ಎಲ್ಲವನ್ನೂ, ಯಾವುದನ್ನೂ ಮೆದುಮಾಡದೆ. ಮುಗಿದ ಮೇಲೆ ಕಲ್ಲವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. ಬೀಡಿ ಕಟ್ಟಿ ಬಾಗಿದ ಬೆರಳು.

"ಆಕಿಗಿ ಗೊತ್ತಿತ್ತಾ, ನೀವ ಮಾಡಿದ್ದು ಅಂತ?"

"ಗೊತ್ತಿತ್ತು."

"ಹೇಳಲಿಲ್ಲ ಆಕಿ."

"ಇಲ್ಲ."

"ಮತ್ತ ಇಷ್ಟ ವರ್ಷ ನಾ ಯಾರಿಗಿ ಬೈದೆ?"

ಒಳಗೆ ಮೌನಾಚರಣೆ ಶುರುವಾಗಿತ್ತು. ಕಲ್ಲವ್ವ ಎದ್ದಳು. ನನ್ನನ್ನು ಮೇಲಿನಿಂದ ನೋಡುತ್ತ, ಅಂದಿನವರೆಗೆ ನನಗೆ ಬಹುವಚನ ಬಿಟ್ಟು ಮಾತಾಡದವಳು ಕೇಳಿದಳು:

"ಎರಡನೇ ಸಲ ಕೇಳಾಕ ಬಂದಿದ್ಲಲ್ಲಾ ಆಕಿ. ಯಾಕ ಕೆಟ್ಟತು ಅಂತ ನಾ ಕೇಳಿದ್ನೆಲ್ಲಾ. ಆವಾಗ ನೀ ಎಲ್ಲಿದ್ದಿ?"

"ಎದುರಿಗೇ ಇದ್ದೆ," ಎಂದೆ.